ಚಾಕೊಲೇಟ್ ಕೋಳಿ, ಚನ್ನಾಜಮ್ಮನ ಒಲೆ

ಭಾನುವಾರ ಸಂಜೆ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ನಯನ ಆಟೋ ಹತ್ತುವ ಮೊದಲೇ ಕೈಲಿದ್ದ ಡಬ್ಬಿಯ ಮುಚ್ಚಳ ಎತ್ತಿ ನೋಡಿದಳು. ತಿ. ನರಸೀಪುರದ ತವರುಮನೆಯಲ್ಲಿ ಬೆಳಗಿನಿಂದ ನಿಂತು ಮಾಡಿದ್ದ ಚಾಕೊಲೇಟುಗಳು. ಹೊರಡುವಾಗ ಕೆಲವು ಹೂವಿನಾಕಾರ, ಕೆಲವು ಎಲೆಯಾಕಾರ, ಕೆಲವು ನಕ್ಷತ್ರಾಕಾರ ಇದ್ದವು. ಏಪ್ರಿಲ್ ಬಿಸಿಲಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ ಪುಣ್ಯಕ್ಕೆ ಈಗ ಎಲ್ಲವೂ ನಿರಾಕಾರ.

ಮನೆಯ ಜಗುಲಿಯ ಮೇಲೆ ಅತ್ತೆ ಚನ್ನಾಜಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಸೊಸೆಯ ಮುಖ ನೋಡಿಯೇ ಡಬ್ಬಿಯೊಳಗಿನ ವಿಷಯ ತಿಳಿಯಿತು.

"ಏನ್ ಕೂಸು, ಈ ವಾರವೂ ಎಲ್ಲ ಸೇರಿ ಹೂರ್ಣ ಆಯ್ತಾ?"

"ಇಲ್ಲೇ ಒಲೆ ಕೊಟ್ಟಿದ್ರೆ ಆಗ್ತಿರಲಿಲ್ಲ ಅತ್ತೆ."

"ನನ್ನೊಲ ಮ್ಯಾಲ ಮೊಟ್ಟ ಬೇಯಾಕಿಲ್ಲ."

"ಇದ್ರಲ್ಲಿ ಮೊಟ್ಟೆ ಇಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ಕೇಕಲ್ಲೂ ಇಲ್ಲ ಅಂದಿದ್ರು," ಅಂದರು ಚನ್ನಾಜಮ್ಮ, ಒಂದು ಹುಣಸೆಬೀಜವನ್ನು ಅಂಗಳಕ್ಕೆ ಎಸೆಯುತ್ತ.

ಕೇಕಿನ ಪ್ರಕರಣ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಲಿಂಗಪೂಜೆ ಮಾಡದೆ ಬಾಯಿಗೆ ನೀರನ್ನೂ ಬಿಡದ ಚನ್ನಾಜಮ್ಮ, ಒಮ್ಮೆ ನೆರೆಮನೆಯ ಮಗುವಿನ ಹುಟ್ಟುಹಬ್ಬದಲ್ಲಿ, ಮೊಟ್ಟೆ ಇಲ್ಲವೆಂಬ ಯಾರದೋ ಮಾತು ನಂಬಿ ಕೇಕು ತಿಂದು, ಇನ್ನೊಂದು ತುಂಡು ಕೇಳಿ ತಿಂದು, ಮಾಡುವ ಬಗೆ ಹೇಳಿಕೊಡಿ ಅಂದಿದ್ದರು. ಆ ಮನೆಯಾಕೆ "ಮೊದಲು ಮೊಟ್ಟೆ ಒಡೀಬೇಕು" ಎಂದು ಶುರು ಮಾಡಿದಳು. ಚನ್ನಾಜಮ್ಮ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ನೇರ ಕಪಿಲೆಗೆ ಹೋಗಿ ಸೀರೆ ಸಮೇತ ಮುಳುಗಿದರು. ಅಂದಿನಿಂದ ಬೇಕರಿಯ ಕಡೆಯಿಂದ ಬರುವ ಕಂದುಬಣ್ಣದ್ದೆಲ್ಲ ಅವರ ಲೆಕ್ಕದಲ್ಲಿ ಕೋಳಿಯ ಸಂತಾನವೇ.

ನಯನ ಚಾಕೊಲೇಟ್ ಕಲಿತದ್ದು ಮೈಸೂರಿನ ಒಂದು ಬೇಸಿಗೆ ಕ್ಲಾಸಿನಲ್ಲಿ. ಹಿಂದಿನ ಬೀದಿಯ ಶಾಲಿನಿ ಒಂದು ತಿಂದು ನೋಡಿ, ಮೇ ಕೊನೆಯಲ್ಲಿರುವ ತಂಗಿಯ ಮದುವೆಗೆ ತಾಂಬೂಲದ ಚೀಲದಲ್ಲಿ ಹಾಕಲು ಬೇಕೇ ಬೇಕು ಅಂದಿದ್ದಳು. "ನಯನ ಅವ್ರ ಚಾಕೊಲೇಟ್ ಅಂತಾನೇ ಎಲ್ರಿಗೂ ಹೇಳ್ತೀನಿ ಕಣ್ರೀ," ಅಂದಿದ್ದಳು. ಆ ಊರಿಗೆ ಬಂದಾಗಿನಿಂದ ನಯನ ಪಾತ್ರೆ ಅಂಗಡಿಯವರ ಸೊಸೆ, ಮಲ್ಲಿಯ ಹೆಂಡತಿ, ಚೈತ್ರಳ ಅಮ್ಮ ಆಗಿದ್ದಳೇ ಹೊರತು ಯಾವುದಕ್ಕೂ ಅವಳ ಹೆಸರು ಅಂಟಿರಲಿಲ್ಲ. ಆದರೆ ತವರಲ್ಲಿ ಮಾಡಿದ್ದು ದಾರಿಯಲ್ಲಿ ಕರಗುತ್ತಿತ್ತು. ಮಾಡಿದರೆ ಇಲ್ಲೇ ಮಾಡಬೇಕು. ಇಲ್ಲಿಯ ಒಲೆ ಅತ್ತೆಯದು.

ಗಂಡ ಮಲ್ಲಿಕಾರ್ಜುನನಿಗೆ ಬಜಾರ್ ರಸ್ತೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಊರಿಗೆಲ್ಲ ಪಾತ್ರೆ ಕೊಡುವ ಅವನಿಗೆ ಮನೆಯ ಜಗಳದಲ್ಲಿ ಯಾರೂ ಪಾತ್ರ ಕೊಟ್ಟಿರಲಿಲ್ಲ. ಆ ವಾರ ಅತ್ತೆ ಸೊಸೆಯ ಮೇಲಿನ ಸಿಟ್ಟಿಗೆ ಅಡುಗೆಯೆಲ್ಲ ತಾವೇ ಮಾಡಿದರು. ಸೊಸೆ ಅತ್ತೆಯ ಮೇಲಿನ ಸಿಟ್ಟಿಗೆ ಮನೆಯ ಪಾತ್ರೆಯೆಲ್ಲ ಸದ್ದು ಮಾಡಿಕೊಂಡು ಬೆಳಗಿದಳು. ನಡುವೆ ಮಲ್ಲಿ ಮುದ್ದೆ ಮುರಿಯುತ್ತ ಕೂತ.

"ಇವತ್ತು ಉಪ್ಸಾರು ಯಾರು ಮಾಡಿದ್ದು?" ಹೊಗಳುವುದೋ ಬೇಡವೋ ಎಂದು ತೀರ್ಮಾನಿಸಲು ಅವನಿಗೆ ಅದು ಗೊತ್ತಾಗಬೇಕಿತ್ತು.

"ಯಾಕ, ಚೆನ್ನಾಗಿಲ್ವಾ?" ಅಂದರು ತಾಯಿ.

"ಯಾಕೆ, ಚೆನ್ನಾಗಿದ್ಯಾ?" ಅಂದಳು ಹೆಂಡತಿ.

"ಬಿಸಿ ಇದೆ," ಅಂದ ಮಲ್ಲಿ.

ಊಟ ಮುಗಿದ ಮೇಲೆ ಚೈತ್ರ ಹಿತ್ತಿಲಲ್ಲಿ ನಿಂತು ಈ ಮೂರು ಮಾತನ್ನೂ ಮೂರು ದನಿಯಲ್ಲಿ ಆಡಿ ತೋರಿಸಿದಳು. ಐದನೇ ಕ್ಲಾಸು ಮುಗಿಸಿ ರಜೆಯಲ್ಲಿದ್ದ ಹುಡುಗಿ. ಮನೆಯವರೆಲ್ಲರ ಗಂಟಲೂ ಅವಳೊಬ್ಬಳ ಗಂಟಲಲ್ಲಿತ್ತು. "ಬಿಸಿ ಇದೆ" ಅನ್ನುವಾಗ ಅವಳು ಅಪ್ಪನ ಹಾಗೆ ಕತ್ತನ್ನು ಭುಜದೊಳಕ್ಕೆ ಎಳೆದುಕೊಂಡದ್ದು ನೋಡಿ ನಯನಳಿಗೇ ನಗು ತಡೆಯಲಾಗಲಿಲ್ಲ.

ಸೋಮವಾರ ಚನ್ನಾಜಮ್ಮ ನಂಜುಂಡೇಶ್ವರನ ಗುಡಿಗೆ ಹೊರಟರು. ಸೋಮವಾರದ ಜನಜಂಗುಳಿಯಲ್ಲಿ ಅವರು ಬೇಗ ಬರುವುದಿಲ್ಲವೆಂದು ನಯನ ಒಲೆಯ ಮೇಲೆ ಬಿಸಿನೀರಿನ ತಪ್ಪಲೆ ಇಟ್ಟು, ಅದರೊಳಗೆ ಇನ್ನೊಂದು ಪಾತ್ರೆ ಇಳಿಸಿ, ಚಾಕೊಲೇಟ್ ಗಟ್ಟಿಯನ್ನು ಕರಗಿಸಲು ಶುರು ಮಾಡಿದಳು. ಆವತ್ತು ಅದೇನೋ ದರ್ಶನ ಸಲೀಸಾಗಿ ಆಗಿಬಿಟ್ಟಿತ್ತು.

"ಏನದು ಒಲ ಮ್ಯಾಲ?" ಚನ್ನಾಜಮ್ಮ ಬಾಗಿಲಲ್ಲಿ ನಿಂತಿದ್ದರು.

"ಬಿಸಿನೀರು ಅತ್ತೆ."

"ನೀರಿಗ ಬಣ್ಣ ಬಂದದಲ್ಲ!" ಅಂತ ಚೈತ್ರ ಅಜ್ಜಿಯ ದನಿಯಲ್ಲೇ ಕೂಗಿದಳು, ಅಜ್ಜಿ ಕೂಗುವ ಮೊದಲೇ.

"ನಾನು ಗುಡಿಗ ಓದ್ರ ನೀನು ಒಲಗ ಮೊಟ್ಟ ಇಕ್ತೀಯಾ?"

"ಎಲ್ಲಿದೆ ಮೊಟ್ಟೆ, ತೋರ್ಸಿ! ಸಕ್ಕರೆ, ಕೋಕೋ, ಹಾಲಿನ ಪುಡಿ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆ ನೋಡಿ."

"ಚುಕ್ಕಿ ನಾನೂ ಇಕ್ತೀನಿ ದಿನಾ, ಬಾಗ್ಲು ಮುಂದ ರಂಗೋಲಿಲಿ. ಮಾಡೋದ ಕಣ್ಣಾರ ಕಂಡಿದ್ದೀಯಾ ನೀನು?"

"ಕಾರ್ಖಾನೆಗೆ ಹೋಗಿ ಕಾವಲು ಕೂರೋಕಾಗುತ್ತಾ ಅತ್ತೆ?"

"ಕೂರಕಾಗ್ದಿದ್ರ ಕರಗುಸ್ಬ್ಯಾಡ."

ಪಾತ್ರೆ ಹಿತ್ತಿಲಿಗೆ ಹೋಯಿತು. ಒಲೆಗೆ ಹುಣಸೆಹಣ್ಣು, ಸೀಗೇಪುಡಿ, ಕೊನೆಗೆ ವಿಭೂತಿ ಬಿತ್ತು. ನಯನ ಕೋಣೆಯ ಬಾಗಿಲು ಹಾಕಿಕೊಂಡಳು. ಮಧ್ಯಾಹ್ನ ಊಟಕ್ಕೆ ಬಂದ ಮಲ್ಲಿ, ಎಂದೂ ಇಲ್ಲದಷ್ಟು ಹೊಳೆಯುತ್ತಿದ್ದ ಒಲೆಯನ್ನು ನೋಡಿ, ತಾನೇ ಬಡಿಸಿಕೊಂಡು ಉಂಡು ಹೋದ.

ಗುರುವಾರ ನಯನಳ ಅಪ್ಪ ಚಿಕ್ಕಬಸಪ್ಪ ನರಸೀಪುರದಿಂದ ಬಂದರು. ಅಲ್ಲಿ ಅವರಿಗೆ ಗೊಬ್ಬರದ ಅಂಗಡಿ. ಗೊಬ್ಬರದ ಜೊತೆ ಮಾತನ್ನೂ ಮೂಟೆಗಟ್ಟಲೆ ಮಾರಬಲ್ಲವರು. ಒಂದು ಗೊನೆ ರಸಬಾಳೆಯನ್ನು ಬೀಗಿತ್ತಿಯ ಮುಂದೆ ಇಟ್ಟರು.

"ನಂಜನಗೂಡಿಗೇ ರಸಬಾಳೆ ತಂದ್ರಾ ಬೀಗ್ರೇ?" ಅಂದರು ಚನ್ನಾಜಮ್ಮ.

"ಏನ್ ಮಾಡ್ಲಿ ಬೀಗಿತ್ತೇರೇ, ಸಿಹಿ ತಂದ್ರ ನೀವು ಹಿತ್ತಿಲಿಗ ಎಸೀತೀರಂತ ಕೇಳ್ದಿ. ಬಾಳೆಹಣ್ಣಲ್ಲಿ ಮೊಟ್ಟೆ ಇಲ್ಲ, ಬೇಕಾದ್ರ ಸುಲ್ದು ನೋಡಿ."

ಚನ್ನಾಜಮ್ಮನಿಗೆ ನಗು ಬಂತು. ನಗಬಾರದೆಂದು ಎದ್ದು ಕಾಫಿಗೆ ಹೋದರು. ಕಾಫಿ ಕುಡಿಯುತ್ತ ಚಿಕ್ಕಬಸಪ್ಪ ವಿಷಯ ಬಿಚ್ಚಿದರು. ಮೈಸೂರಿನಾಚೆ ನೀರಾಟದ ಪಾರ್ಕು ಇದೆಯಲ್ಲ, ಅದರೊಳಗೆ ಈ ಬೇಸಿಗೆಗೆ ಚಾಕೊಲೇಟಿನದೇ ಒಂದು ಅಂಗಡಿ ಆಗಿದೆಯಂತೆ. ಗಾಜಿನ ಹಿಂದೆ ನಿಂತು ಎಲ್ಲರ ಕಣ್ಣೆದುರೇ ಮಾಡುತ್ತಾರಂತೆ. ಚೈತ್ರಳ ಹುಟ್ಟುಹಬ್ಬಕ್ಕೆ ಎಲ್ಲರೂ ಹೋಗೋಣ.

"ಕಣ್ಣಾರ ಕಾಣ್ಬೇಕು ಅಂದ್ರಲ್ಲ ಬೀಗಿತ್ತೇರೇ. ಬನ್ನಿ, ಕಾಣಿ."

ಚನ್ನಾಜಮ್ಮ ಲೋಟ ಕೆಳಗಿಟ್ಟರು. "ಆಯ್ತು. ಅಲ್ಲೊಂದು ಮೊಟ್ಟ ಕಂಡ್ರೂ, ಆ ಪಾತ್ರ ಈ ಮನಲಿ ಇರಂಗಿಲ್ಲ, ಆ ಮಾತೂ ಇರಂಗಿಲ್ಲ."

"ಕಾಣ್ದಿದ್ರೆ?" ಕೋಣೆಯ ಬಾಗಿಲು ತೆರೆದು ನಯನ ಕೇಳಿದಳು.

"ಕಾಣ್ದಿದ್ರ ಒಲ ನಿಂದು."

ಅಂದಿನಿಂದ ಮನೆಯಲ್ಲಿ ಒಂದು ಬಗೆಯ ಜ್ವರ. ಚೈತ್ರ ಕ್ಯಾಲೆಂಡರಿನ ಮುಂದೆ ನಿಂತು ಬಸ್ ಕಂಡಕ್ಟರಿನ ದನಿಯಲ್ಲಿ "ಪಾರ್ಕ್, ಪಾರ್ಕ್, ಪಾರ್ಕ್, ಯಾರ್ರೀ ಪಾರ್ಕ್!" ಅಂತ ಕೂಗುವಳು. ನಯನ ಮದುವೆಗೆ ಬೇಕಾದ ಬಣ್ಣದ ಹಾಳೆಗಳನ್ನು ತರಿಸಿ ಬೀರುವಿನಲ್ಲಿ ಇಟ್ಟು, ಆಸೆ ಜಾಸ್ತಿಯಾಯಿತೆಂದು ಸೀರೆಗಳ ಕೆಳಗೆ ಮುಚ್ಚಿದಳು. ತನಗೆ ಇದರಲ್ಲಿ ಏನೂ ಆಸಕ್ತಿಯಿಲ್ಲ ಅನ್ನುತ್ತಿದ್ದ ಚನ್ನಾಜಮ್ಮ ಒಂದು ಸಂಜೆ ಮಗನನ್ನು ಮೆಲ್ಲಗೆ ಕೇಳಿದರು.

"ಆ ದೊಡ್ಡ ಗಾಲಿ ತೊಟ್ಲದಲ್ಲ, ಅದ್ರಲ್ಲಿ ಮುದ್ಕೀರ್ನೂ ಕೂರುಸ್ತಾರಾ?"

"ಯಾಕವ್ವ, ಕೂರ್ತೀಯಾ?"

"ಸುಮ್ಕ ಕೇಳ್ದಿ."

ಹುಟ್ಟುಹಬ್ಬದ ದಿನ ಅವರು ಎಲ್ಲರಿಗಿಂತ ಮೊದಲು ಎದ್ದು, ಪೂಜೆ ಮುಗಿಸಿ, ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ ಕಟ್ಟಿಕೊಂಡು, ಅಂಗಡಿಯ ಓಮ್ನಿ ವ್ಯಾನಿನ ಮುಂದಿನ ಸೀಟಲ್ಲಿ ಕೂತುಬಿಟ್ಟಿದ್ದರು. ಹಿಂದೆ ಪಾತ್ರೆಯ ರಟ್ಟಿನ ಡಬ್ಬಗಳ ನಡುವೆ ಚಿಕ್ಕಬಸಪ್ಪ, ನಯನ, ಚೈತ್ರ. ವ್ಯಾನು ಪ್ರತಿ ಹಂಪು ಹಾರಿದಾಗಲೂ ಮೂವರೂ "ಹೋ!" ಅನ್ನುತ್ತಿದ್ದರು. ಡಬ್ಬಗಳಲ್ಲಿ ಉಳಿದಿದ್ದ ಮುಚ್ಚಳಗಳು ಜಾಗಟೆ ಬಾರಿಸುತ್ತಿದ್ದವು.

ಪಾರ್ಕಿನ ಗೇಟಿನಲ್ಲಿ ಕಾವಲಿನವನು ಬುತ್ತಿಯ ಚೀಲಕ್ಕೆ ಕೈ ಹಾಕಿದ.

"ಹೊರಗಿನ ತಿಂಡಿ ಒಳಗೆ ಬಿಡಲ್ಲಮ್ಮ. ಕೌಂಟರಲ್ಲಿ ಇಟ್ಟು ಟೋಕನ್ ತಗೊಳ್ಳಿ."

"ಏನಪ್ಪ, ನನ್ ರೊಟ್ಟಿಗ ಟೋಕನ್ನಾ? ಅದೇನು ಚಪ್ಲಿಯಾ?"

"ರೂಲ್ಸ್ ಅಮ್ಮ."

"ನಾನು ಹೊರ್ಗ ಏನೂ ತಿನ್ನಕಿಲ್ಲ ಕಣಪ್ಪ."

"ನಾನೂ ಅಷ್ಟೇ ಕಣಮ್ಮ, ಮನೆಯಿಂದ ತರ್ತೀನಿ," ಅಂದ ಅವನು, ಚೀಲ ತೆಗೆದುಕೊಳ್ಳುತ್ತ.

ಆದರೂ ಚನ್ನಾಜಮ್ಮನ ಉತ್ಸಾಹ ತಗ್ಗಲಿಲ್ಲ. ಗಾಲಿತೊಟ್ಟಿಲು ಕಂಡ ಕೂಡಲೇ, "ಕೂಸಿಗ ಭಯ ಆಯ್ತದ, ನಾನು ಜೊತೆಗ ಕೂರ್ತೀನಿ," ಅಂದರು. ಕೂಸು ತುದಿಗಾಲಿನ ಮೇಲೆ ಕುಣಿಯುತ್ತಿತ್ತು. ತೊಟ್ಟಿಲು ಮೇಲೇರಿದಾಗ ಚನ್ನಾಜಮ್ಮ ಒಂದು ಕೈಯಲ್ಲಿ ಎದೆಯ ಮೇಲಿನ ಲಿಂಗವನ್ನೂ ಇನ್ನೊಂದರಲ್ಲಿ ಕಂಬಿಯನ್ನೂ ಹಿಡಿದು, "ನಮ್ ಗುಡಿ ಗೋಪುರ ಎಲ್ಲದ, ಎಲ್ಲದ?" ಅಂತ ದಿಕ್ಕು ದಿಕ್ಕಿಗೂ ಹುಡುಕಿದರು. ಇಳಿದ ಮೇಲೆ "ಅಯ್ಯೋ ಸಾಕಪ್ಪ" ಅಂದವರು, ಇಳಿಯುವವರ ಸಾಲಿನಿಂದ ನೇರ ಹತ್ತುವವರ ಸಾಲಿಗೆ ಹೋಗಿ ನಿಂತರು.

ನಯನಳಿಗೆ ಯಾವ ಆಟವೂ ಬೇಕಿರಲಿಲ್ಲ. ಅವಳ ಕಣ್ಣು ಬೋರ್ಡುಗಳ ಮೇಲೇ ಇತ್ತು. ಕೊನೆಗೆ ತಿರುವಿನಲ್ಲಿ ಬಾಣದ ಗುರುತು ಸಿಕ್ಕಿತು. ಚೈತ್ರ ಓಡಿದಳು. ಉಳಿದವರು ಹಿಂದೆಯೇ ತಿರುವು ದಾಟಿ, ಹಾಗೇ ನಿಂತರು.

ಎದುರಿಗೆ ಕೋಳಿ.

ವ್ಯಾನಿಗಿಂತ ದೊಡ್ಡದಾದ ಫೈಬರ್ ಕೋಳಿ, ಕೆಂಪು ಜುಟ್ಟು, ಹಳದಿ ಕೊಕ್ಕು. ಅದರ ರೆಕ್ಕೆಯ ಕೆಳಗೇ ಅಂಗಡಿಯ ಬಾಗಿಲು. ಮೇಲೆ 'ಕೊಕ್ಕೋಕೋ' ಎಂಬ ಬೋರ್ಡು. ಯಾರಾದರೂ ಹೊಸ್ತಿಲು ದಾಟಿದರೆ ಒಳಗೆಲ್ಲೋ ಇಟ್ಟಿದ್ದ ಸ್ಪೀಕರು ಕೊಕ್ಕೋ ಅನ್ನುತ್ತಿತ್ತು. ಒಳಗೆ ಹುಲ್ಲು ಹಾಸಿದ ಬುಟ್ಟಿಗಳು. ಬುಟ್ಟಿಗಳ ತುಂಬ, ಚಿನ್ನದ ಹಾಳೆ ಸುತ್ತಿದ, ಬೆಳ್ಳಿ ಹಾಳೆ ಸುತ್ತಿದ, ಏನೂ ಸುತ್ತದ, ಬರೀ ಮೊಟ್ಟೆ. ತಲೆಗೆ ಕೆಂಪು ಜುಟ್ಟಿನ ಟೋಪಿ ಹಾಕಿದ್ದ ಹುಡುಗಿ ಓಡಿ ಬಂದಳು.

"ಬನ್ನಿ ಅಜ್ಜಿ, ಬನ್ನಿ! ದೊಡ್ಡ ಮೊಟ್ಟೆ ಕೊಡ್ಲಾ, ಚಿಕ್ಕ ಮೊಟ್ಟೆ ಕೊಡ್ಲಾ?"

ನಯನ ಅಪ್ಪನ ಮುಖ ನೋಡಿದಳು. ಚಿಕ್ಕಬಸಪ್ಪ ಕೋಳಿಯ ಮುಖ ನೋಡಿದರು.

"ಚಾಕೊಲೇಟ್ ಅಂಗಡಿ ಅಂದಿದ್ರು ಕಣವ್ವ. ಕೋಳಿ ಫಾರಂ ಅಂತ ಯಾರೂ ಹೇಳ್ಲಿಲ್ಲ."

ಚನ್ನಾಜಮ್ಮ ಕೂಗಾಡಲಿಲ್ಲ. "ಕಂಡಿ. ನಡೀರಿ, ಓಗಮ," ಅಂದು ಹೊರಗೆ ತಿರುಗಿದರು. ಸ್ಪೀಕರು ಅವರಿಗೂ ಕೊಕ್ಕೋ ಅಂದಿತು.

ನಯನ ಹಿಂದೆಯೇ ಹೋಗಿ ಅತ್ತೆಯ ಮುಂಗೈ ಹಿಡಿದಳು. ಈ ಹತ್ತು ವರ್ಷಕ್ಕೂ ಮೇಲಿನ ಸೊಸೆತನದಲ್ಲಿ ಅವಳು ಹಾಗೆ ಹಿಡಿದಿರಲಿಲ್ಲ.

"ಮಾಡೋದನ್ನ ನೋಡ್ತೀನಿ ಅಂದ್ರಿ ಅತ್ತೆ. ಮಾರೋದನ್ನ ಅಲ್ಲ. ಗಾಜು ಅಲ್ಲಿದೆ, ಬನ್ನಿ."

"ಬುಡು ಕೈಯ."

"ಬಿಡಲ್ಲ. ನೋಡಿದ್ಮೇಲೆ ಏನು ಬೇಕಾದ್ರೂ ಅನ್ನಿ. ನಾನು ತುಟಿ ಬಿಚ್ಚಲ್ಲ."

ಮಲ್ಲಿ ಬಾಯಿ ತೆರೆದ. ತಾಯಿ, ಹೆಂಡತಿ ಇಬ್ಬರೂ ಅವನ ಕಡೆ ತಿರುಗಿದರು. "ಹೊರಗೆ ಬಿಸಿಲಿದೆ," ಅಂದ ಮಲ್ಲಿ. ಬಿಸಿಲಿದ್ದದ್ದು ನಿಜ. ಚನ್ನಾಜಮ್ಮ ಒಳಗೇ ಉಳಿದರು.

ಗಾಜಿನಾಚೆ ಬಿಳಿ ಟೋಪಿಯವನೊಬ್ಬ ಜಗ್ಗಿನಿಂದ ಕರಗಿದ ಚಾಕೊಲೇಟನ್ನು ಅರ್ಧ ಮೊಟ್ಟೆಯಾಕಾರದ ಗುಳಿಗಳಿಗೆ ಸುರಿಯುತ್ತಿದ್ದ. ಮೆಲ್ಲಗೆ ತಟ್ಟಿ, ಹೆಚ್ಚಾದದ್ದನ್ನು ಬಗ್ಗಿಸಿ, ತಣ್ಣಗಿನ ಪೆಟ್ಟಿಗೆಗೆ ತಳ್ಳಿ, ಮೊದಲೇ ಆರಿದ್ದ ಎರಡು ಹೋಳು ತೆಗೆದು ಒಂದಕ್ಕೊಂದು ಜೋಡಿಸುತ್ತಿದ್ದ. ಚನ್ನಾಜಮ್ಮ, ಮದುವೆ ಪಂಕ್ತಿಯಲ್ಲಿ ತುಪ್ಪ ಬಡಿಸುವವನ ಕೈ ನೋಡುವ ಹಾಗೆ, ಅವನ ಎರಡೂ ಕೈಗಳನ್ನು ನೋಡುತ್ತ ನಿಂತರು. ಯಾವ ಕೈಯೂ ಏನನ್ನೂ ಒಡೆಯಲಿಲ್ಲ. ಅಷ್ಟರಲ್ಲಿ ಅವನು ಇನ್ನೊಂದು ಜೋಡಿ ತೆಗೆಯಲು ಹೋದ. ಹೋಳಿನ ಅಂಚು ಪಟ್ಟನೆ ಮುರಿಯಿತು.

ಚನ್ನಾಜಮ್ಮ ಗಾಜು ಬಡಿದರು. "ಏಯ್, ಒಸಿ ತಡಿಯಪ್ಪ! ಅದು ಇನ್ನೂ ಆರಿಲ್ಲ! ಅಂಚು ತಾನಾಗೇ ಬುಡಬೇಕು!"

ಅವನಿಗೆ ಕೇಳಿಸಲಿಲ್ಲ. ನಕ್ಕು ಕೈ ಬೀಸಿದ.

"ಅಜ್ಜಿ," ಅಂದಳು ಚೈತ್ರ, ಮೂಗನ್ನು ಗಾಜಿಗೆ ಒತ್ತಿಕೊಂಡೇ. "ಇದು ನಿನ್ನ ಸಕ್ಕರೆ ಅಚ್ಚಲ್ವಾ?"

ಸಂಕ್ರಾಂತಿ ಬಂತೆಂದರೆ ಆ ಬೀದಿಗೆಲ್ಲ ಸಕ್ಕರೆ ಅಚ್ಚು ಹಾಕಿಕೊಡುವವರು ಚನ್ನಾಜಮ್ಮನೇ. ಹೆಡತಲೆ ಊರಿನ ತವರಿನಿಂದ ಬಳುವಳಿಯಾಗಿ ಬಂದ ಮರದ ಅಚ್ಚುಗಳು. ನೀರಲ್ಲಿ ನೆನೆಸಿ, ಎರಡೆರಡು ಹೋಳು ಸೇರಿಸಿ ದಾರ ಕಟ್ಟಿ, ಪಾಕ ಸುರಿದು, ಆರಿದ ಮೇಲೆ ಬಿಚ್ಚಿದರೆ ಬೆಳ್ಳಗಿನ ಗಿಳಿ, ತುಳಸಿಕಟ್ಟೆ, ಗೋಪುರ. ಅವುಗಳ ಜೊತೆಗೆ, ಯಾರೂ ಎಂದೂ ಯಾಕೆಂದು ಕೇಳದೆ, ಇನ್ನೂ ಎರಡು.

"ಈ ಸಂಕ್ರಾಂತಿಗೆ ನೀನು ನಂಗೆ ಕೋಳಿ ಕೊಟ್ಟಿದ್ದೆ," ಚೈತ್ರಳ ದನಿ ಅಂಗಡಿಗೆಲ್ಲ ಕೇಳುವಂತಿತ್ತು. "ಫಸ್ಟು ಜುಟ್ಟು ತಿಂದೆ, ಆಮೇಲೆ ಕಾಲು. ಗುರುಗಳ ಮನೆಗೆ ಎಳ್ಳು ಬೀರೋಕೆ ಹೋದಾಗ ತಟ್ಟೇಲಿ ಮೀನು ಇಟ್ಟಿದ್ದೆ. ಅವ್ರು ಚೆನ್ನಾಗಿದೆ ಅಂದ್ರು."

ಬುಟ್ಟಿಗಳ ಹತ್ತಿರವಿದ್ದವರೆಲ್ಲ ತಿರುಗಿ ನೋಡಿದರು. ಜುಟ್ಟಿನ ಹುಡುಗಿ ಚನ್ನಾಜಮ್ಮನ ಹಣೆಯ ವಿಭೂತಿಯನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿದಳು. ಚಿಕ್ಕಬಸಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದರು. ಬೆನ್ನು ಮಾತ್ರ ಕುಣಿಯುತ್ತಿತ್ತು.

"ಅದು ಸಕ್ಕರ ಕೋಳಿ ಕಣ್ ಕೂಸು!" ಅಂದರು ಚನ್ನಾಜಮ್ಮ.

"ಇದು ಚಾಕೊಲೇಟ್ ಮೊಟ್ಟ ಕಣಜ್ಜಿ!" ಅಂದಳು ಚೈತ್ರ, ಅದೇ ದನಿ, ಅದೇ ಏರಿಳಿತ, ಅದೇ ಸೊಂಟದ ಮೇಲಿನ ಕೈ.

ಚನ್ನಾಜಮ್ಮ ಮೊಮ್ಮಗಳನ್ನು ನೋಡಿದರು, ಗಾಜನ್ನು ನೋಡಿದರು, ಸೊಸೆಯನ್ನು ನೋಡಲಿಲ್ಲ. ಒಂದು ಕುರ್ಚಿ ಕೇಳಿದರು. "ನೀವೆಲ್ಲ ಓಗಿ ನೀರಲ್ಲಿ ಬಿದ್ದು ಬನ್ನಿ. ನಾನು ಇನ್ನೂ ನೋಡ್ಬೇಕು. ಎಲ್ಲಾರ ಒಂದು ಮೊಟ್ಟ ಒಡದೇ ಒಡೀತಾನ."

ನೀರಿನ ಜಾರುಬಂಡೆಯಲ್ಲಿ ಚೈತ್ರ ಕಿರುಚಿದಳು, ಮಲ್ಲಿ ಅದಕ್ಕಿಂತ ಜೋರಾಗಿ ಕಿರುಚಿದ. ನಯನ ದಡದಲ್ಲೇ ನಿಂತಿದ್ದು, ಮತ್ತೆ ಮತ್ತೆ ಕೋಳಿಯ ಜುಟ್ಟಿನ ಕಡೆ ನೋಡುತ್ತಿದ್ದಳು. ಚಿಕ್ಕಬಸಪ್ಪ ಪಂಚೆ ಎತ್ತಿ ಕಟ್ಟಿ ಮೊಣಕಾಲವರೆಗೆ ಇಳಿದು, ಇದಕ್ಕಿಂತ ನರಸೀಪುರದ ಹೊಳೆಯೇ ವಾಸಿ ಅಂದರು, ಆದರೆ ಎದ್ದು ಬರಲಿಲ್ಲ.

ಅವರು ಒದ್ದೆ ತಲೆಯಲ್ಲಿ ಹಿಂತಿರುಗಿದಾಗ ಚನ್ನಾಜಮ್ಮ ಅದೇ ಕುರ್ಚಿಯಲ್ಲಿದ್ದರು. ಬಿಳಿ ಟೋಪಿಯವನು ಈಗ ಒಂದೊಂದು ಹೋಳು ತೆಗೆಯುವ ಮೊದಲೂ ಗಾಜಿನ ಕಡೆ ನೋಡುತ್ತಿದ್ದ. ಅಜ್ಜಿ ತಲೆ ಅಲ್ಲಾಡಿಸಿದರೆ ಕಾಯುತ್ತಿದ್ದ, ತಲೆ ಬಗ್ಗಿಸಿದರೆ ತೆಗೆಯುತ್ತಿದ್ದ. ಒಂದೂ ಮುರಿಯುತ್ತಿರಲಿಲ್ಲ.

"ಹಸಿವಾಗಿಲ್ವಾ ಅತ್ತೆ?" ನಯನ ಕೇಳಿದಳು. ಬುತ್ತಿ ಗೇಟಿನಲ್ಲಿ ಟೋಕನ್ ಹೊತ್ತು ಕೂತಿತ್ತು.

"ಆ ಮುರುದ್ ತುಂಡ ಕೊಡ್ತಾನಾ ಕೇಳು."

ಜುಟ್ಟಿನ ಹುಡುಗಿ ಮುರಿದ ಅಂಚನ್ನು ಕಾಗದದ ಬಟ್ಟಲಲ್ಲಿ ತಂದುಕೊಟ್ಟಳು. ಚನ್ನಾಜಮ್ಮ ಕೈ ತೊಳೆದು, ಎದೆಯ ಮೇಲಿನ ಕರಡಿಗೆಯಿಂದ ಲಿಂಗವನ್ನು ಎಡಗೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ ತುಂಡನ್ನು ಮುಂದೆ ಹಿಡಿದರು. ಅಂಗಡಿಯಲ್ಲಿ ಯಾರೋ "ಶ್" ಅಂದರು. ಸ್ಪೀಕರು ಮಾತ್ರ ಕೊಕ್ಕೋ ಅಂದಿತು. ಆಮೇಲೆ ಅವರು ತಿಂದರು, ನಿಧಾನವಾಗಿ. ಬಟ್ಟಲಲ್ಲಿ ಅಂಟಿದ್ದಕ್ಕೆ ಒಂದಿಷ್ಟು ನೀರು ಹಾಕಿ ಬೆರಳಲ್ಲಿ ತೊಳೆದು, ಅದನ್ನೂ ಕುಡಿದರು. ಪ್ರಸಾದವನ್ನು ಚೆಲ್ಲುವಂತಿಲ್ಲ.

"ಹೆಂಗಿದೆ ಅತ್ತೆ?" ನಯನ ಬಗ್ಗಿ ಕೇಳಿದಳು.

"ಸಿಹಿ ಅದ," ಅಂದರು ಚನ್ನಾಜಮ್ಮ. ಅಷ್ಟೇ.

ದಾರಿಯುದ್ದಕ್ಕೂ ಒಲೆಯ ಮಾತಿಲ್ಲ. ಗಾಲಿತೊಟ್ಟಿಲಿನ ಮಾತು, ಟೋಕನ್ ರೊಟ್ಟಿಯ ಮಾತು. ಸೋತೆನೋ ಗೆದ್ದೆನೋ ನಯನಳಿಗೆ ತಿಳಿಯಲಿಲ್ಲ. ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ 'ಕಾಫಿಗೆ ಹಾಲಿಡಬೇಕು' ಎಂದುಕೊಂಡು ಅಡುಗೆಮನೆಗೆ ಹೋದವಳು ಹೊಸ್ತಿಲಲ್ಲೇ ನಿಂತಳು. ಹಿತ್ತಿಲಿಗೆ ಹೋಗಿದ್ದ ಅವಳ ಪಾತ್ರೆ ಬೆಳಗಿಸಿಕೊಂಡು ಒಲೆಯ ಮೇಲೆ ಬಂದು ಕೂತಿತ್ತು. ಪಕ್ಕದ ದೊಡ್ಡ ಬೇಸಿನ್ನಿನಲ್ಲಿ, ಮೇ ತಿಂಗಳ ನಡುವೆ, ಸಂಕ್ರಾಂತಿಯ ಮರದ ಅಚ್ಚುಗಳು ನೀರಲ್ಲಿ ನೆನೆಯುತ್ತಿದ್ದವು. ಗಿಳಿ, ಗೋಪುರ, ತುಳಸಿಕಟ್ಟೆ, ಮೀನು, ಕೋಳಿ.

"ಏನ್ ನಿಂತ್ಕ ನೋಡ್ತಿ? ಆ ನಕ್ಷತ್ರ ಗಿಕ್ಷತ್ರ ಬ್ಯಾಡ. ಇದ್ರಲ್ಲಿ ಉಯ್ಯಿ," ಅಂದರು ಹಿಂದಿನಿಂದ ಚನ್ನಾಜಮ್ಮ.

ನಯನಳ ಕಣ್ಣು ತುಂಬಿತು, ಬಾಯಲ್ಲಿ ಮಾತ್ರ ನಿಜವೇ ಬಂತು. "ಅತ್ತೆ, ಚಾಕೊಲೇಟಿಗೆ ನೀರು ತಾಗಬಾರ್ದು."

"ನೀನು ಹುಟ್ಟಕ ಮುಂಚಿಂದ ನೆನಸ್ತಿವ್ನಿ ನಾನು. ನೆನಸ್ದಿದ್ರ ಕಚ್ಕತದ."

"ಅದು ಸಕ್ಕರೆ ಅತ್ತೆ. ಇದು ನೆನೆಸಿದ್ರೆ ಕಚ್ಕೊಳುತ್ತೆ."

"ಉಯ್ದು ನೋಡು."

ಉಯ್ದರು. ಒದ್ದೆ ಮರಕ್ಕೆ ತಾಗಿದ್ದೇ ಚಾಕೊಲೇಟು ಗಂಟುಗಟ್ಟಿ, ಗಿಳಿಯ ರೆಕ್ಕೆ, ಮೀನಿನ ಬಾಲ ಎಲ್ಲ ಅಚ್ಚಿನೊಳಗೇ ಉಳಿಯಿತು. ಇಬ್ಬರೂ ಹೇರ್‌ಪಿನ್ನಿನಲ್ಲಿ ಕೆರೆದರು, ಒಬ್ಬರನ್ನೊಬ್ಬರು ಬೈದುಕೊಂಡರು. ಕೆರೆದದ್ದನ್ನು ಚನ್ನಾಜಮ್ಮ ಬಿಸಿಹಾಲಿಗೆ ಹಾಕಿ ಎಲ್ಲರಿಗೂ ಕುಡಿಸಿದರು. "ಇವತ್ತಿನ ಕಾಫಿ ಯಾರು ಮಾಡಿದ್ದು?" ಅಂತ ಕೇಳಿದ ಮಲ್ಲಿಗೆ ಇಬ್ಬರೂ ಒಟ್ಟಿಗೆ "ಸುಮ್ನೆ ಕುಡಿ" ಅಂದರು. ಅಚ್ಚುಗಳು ಬಿಸಿಲಿಗೆ ಹೋದವು. ಚೆನ್ನಾಗಿ ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ, ಉಯ್ದು, ಫ್ರಿಜ್ಜಿನಲ್ಲಿಟ್ಟರೆ ಗಿಳಿ ಕೊಕ್ಕಿನ ಸಮೇತ ಎದ್ದು ಬಂತು. ಯಾವಾಗ ಬಿಚ್ಚಬೇಕೆಂದು ಹೇಳುವ ಅಧಿಕಾರವನ್ನು ಮಾತ್ರ ಚನ್ನಾಜಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ.

ಮದುವೆಗೆ ಗಿಳಿ, ಗೋಪುರ ಹೋದವು. "ಮೀನು, ಕೋಳಿ ಮನಗ ಇರ್ಲಿ. ಅಲ್ಲಿ ಎಲ್ರಿಗೂ ಗಾಜು ತೋರ್ಸಕಾಯ್ತದಾ?" ಅಂದರು ಚನ್ನಾಜಮ್ಮ. ಮದುವೆಮನೆಯಲ್ಲಿ ತಾಂಬೂಲದ ಚೀಲ ಹಿಡಿದ ಯಾರೋ ಮುದುಕಿ, "ಇದ್ರಲ್ಲಿ ಮೊಟ್ಟೆ ಗಿಟ್ಟೆ ಇರತ್ತಂತೆ, ಹೌದಾ?" ಅಂತ ಕೇಳಿದಾಗ ಅವರು ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. "ನಮ್ ನಯನನ ಚಾಕೊಲೇಟು ಅದು. ಕಣ್ಣಾರ ಕಂಡಿವ್ನಿ."

ಮದುವೆ ಮುಗಿಸಿ ನರಸೀಪುರಕ್ಕೆ ಹೊರಟ ಚಿಕ್ಕಬಸಪ್ಪನವರಿಗೆ ಒಂದು ಡಬ್ಬಿ ತುಂಬ ಮೀನು ಕೊಟ್ಟು ಕಳಿಸಿದ್ದರು. ಸಂಜೆ ಫೋನು ಬಂತು. ಚನ್ನಾಜಮ್ಮ ಎತ್ತಿದರು.

"ಬೀಗಿತ್ತೇರೇ, ಮೀನು ಅಂತ ಕೊಟ್ರಿ. ಬಸ್ಸಿಳ್ದು ಮುಚ್ಚಳ ತೆಗುದ್ರ ಮೀನೊಂದೂ ಇಲ್ಲ, ಬರೀ ಕೆರೆ ಅದ!"

ಚನ್ನಾಜಮ್ಮ ಬಿದ್ದು ಬಿದ್ದು ನಕ್ಕರು. ಹಜಾರದಿಂದ ಚೈತ್ರ ಅದೇ ನಗುವನ್ನು ನಕ್ಕಳು.

"ಅಷ್ಟು ದೂರ ಬಸ್ಸಲ್ಲಿ ಹೊತ್ಕ ಓದ್ರ ಇನ್ನೇನಾಯ್ತದ ಬೀಗ್ರೇ? ಭಾನ್ವಾರ ಇಲ್ಲಿಗೇ ಬನ್ನಿ. ನಾವು ಮಾಡಿ ಕೊಡ್ತೀವಿ, ಇಲ್ಲೇ ತಿನ್ನಿವ್ರಂತೆ."

ಒಲೆಯ ಮುಂದೆ ಕೈಯಾಡಿಸುತ್ತಿದ್ದ ನಯನಳ ಸೌಟು ಒಂದು ಗಳಿಗೆ ನಿಂತು, ಮತ್ತೆ ತಿರುಗಿತು. ಫೋನಿಟ್ಟು ಒಳಗೆ ಬಂದ ಚನ್ನಾಜಮ್ಮ, "ಒಸಿ ಸರ್ಕೊ ಕೂಸು," ಅಂದು ಸೊಸೆಯ ಪಕ್ಕದಲ್ಲಿ ನಿಂತರು. ತೊಳೆದಿಟ್ಟಿದ್ದ ಕೋಳಿಯ ಅಚ್ಚನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿ, ಜುಟ್ಟಿನ ಸಂದಿಯಲ್ಲಿ ಉಳಿದಿದ್ದ ಒಂದು ಹನಿ ನೀರನ್ನು ಸೆರಗಿನ ತುದಿಯಿಂದ ಒರೆಸಿದರು.